ಸಂಗೀತವನ್ನು ಓದುವುದು ಹೇಗೆ?

ಸಂಗೀತವು ಕಿವಿಯ ವಿದ್ಯೆಯೆಂಬುದು ಲೋಕವೆಲ್ಲ ಒಪ್ಪಿದ ಮಾತು. ಹೀಗಿದ್ದರೂ ಪಾಶ್ಚಾತ್ಯ ವಾದ್ಯವೃಂದವೊಂದರ ಕಚೇರಿಯನ್ನು ನೋಡಿದವರಿಗೆ ಒಂದು ವಿಶೇಷವು ಕಣ್ಣಿಗೆ ಬೀಳದೆ ಇರದು. ಎಪ್ಪತ್ತು ಎಂಬತ್ತು ಮಂದಿ ವಾದಕರು ಸಾಲುಸಾಲಾಗಿ ಕುಳಿತಿರುವರು. ಅವರ ಮುಂದೆ ವ್ಯಾಸಪೀಠದಂತಹ ನಿಲುವುಗಳು. ಅವುಗಳ ಮೇಲೆ ಕಪ್ಪು ಚುಕ್ಕೆಗಳಿಂದ ತುಂಬಿದ ಕಾಗದಗಳು. ಎಲ್ಲರ ದೃಷ್ಟಿಯೂ ಆ ಕಾಗದಗಳಲ್ಲಿಯೇ ನೆಟ್ಟಿರುವುದು. ಕೃತಿಯನ್ನು ರಚಿಸಿದವನು ಗತಿಸಿ ಇನ್ನೂರು ವರ್ಷಗಳಾಗಿರಬಹುದು. ಅವನ ಬಾಯಿಂದಾಗಲಿ ಅವನ ಶಿಷ್ಯರ ಬಾಯಿಂದಾಗಲಿ ಇವರು ಅದನ್ನು ಕಲಿತವರಲ್ಲ. ಕಾಗದವನ್ನು ಓದಿಯೇ ನುಡಿಸುವರು, ಅಷ್ಟು ವಾದ್ಯಗಳೂ ಹದವಾಗಿ ಕೂಡಿಕೊಳ್ಳುವುವು. ನಮ್ಮಲ್ಲಿಯಾದರೋ ಗುರುಮುಖದಿಂದ ಪಾಠಾಂತರವನ್ನು ಪಡೆಯದೆ ಒಂದು ಕೃತಿಯನ್ನು ಸಭೆಯಲ್ಲಿ ಹಾಡಲು ಸಾಮಾನ್ಯವಾಗಿ ಯಾರೂ ಧೈರ್ಯ ಮಾಡರು. ಹಾಗಾದರೆ ಆ ಕಾಗದದಲ್ಲಿ ಇರುವುದಾದರೂ ಏನು? ಅದನ್ನು ನಾವೂ ಓದಬಹುದೆ?

ಓದಬಹುದು. ಅದಕ್ಕೆ ಸಂಗೀತಗಾರರೇ ಆಗಿರಬೇಕೆಂದಿಲ್ಲ. ಶಾಲೆಯಲ್ಲಿ ಗ್ರಾಫ್ ಕಾಗದದ ಮೇಲೆ ಗೆರೆಯೆಳೆದ ಅಭ್ಯಾಸವಿರುವ ಯಾವ ವಿದ್ಯಾರ್ಥಿಗಾದರೂ ಒಂದು ಸಂಜೆಯಲ್ಲಿ ಅದರ ಮೂಲಸೂತ್ರಗಳು ಮನದಟ್ಟಾಗುವುವು. ಏಕೆಂದರೆ ಐರೋಪ್ಯರ ಸ್ವರಲಿಪಿಯು ಲಿಪಿಯೆನ್ನುವುದಕ್ಕಿಂತ ಹೆಚ್ಚಾಗಿ ಒಂದು ಗ್ರಾಫ್ ಆಗಿದೆ.

ನಾದವನ್ನು ಬರೆದಿಡುವುದು ಸಾಧ್ಯವೇ ಇಲ್ಲವೆಂದು ದೊಡ್ಡ ವಿದ್ವಾಂಸರೇ ನಂಬಿದ್ದ ಕಾಲವೊಂದಿತ್ತು. ಏಳನೆಯ ಶತಮಾನದ ಆದಿಯಲ್ಲಿ ಸ್ಪೇನಿನ ಸೆವಿಲ್ ನಗರದ ಬಿಷಪ್ಪನಾಗಿದ್ದ ಇಸಿಡೋರನು, ಮನುಷ್ಯನ ನೆನಪು ಹಿಡಿದಿಡದಿದ್ದರೆ ನಾದವು ನಾಶವಾಗುವುದು, ಅದನ್ನು ಬರೆಯಲು ಬಾರದು, ಎಂಬ ಅಭಿಪ್ರಾಯವನ್ನು ತನ್ನ ಗ್ರಂಥದಲ್ಲಿ ಸೂಚಿಸಿದ್ದಾನೆ. ಸುಮಾರು ಅದೇ ಶತಮಾನದಲ್ಲಿ ತಮಿಳುನಾಡಿನ ಪುದುಕೋಟೆಯ ಹತ್ತಿರ ಕುಡುಮಿಯಾಮಲೈ ಎಂಬಲ್ಲಿ ಬಂಡೆಯ ಮೇಲೆ ಸ್ವರಾಕ್ಷರಗಳನ್ನು ಸಾಲುಸಾಲಾಗಿ ಕೆತ್ತಿಸಿದ್ದರೆಂಬುದನ್ನು ಆ ಬಿಷಪ್ಪನು ಅರಿಯುವಂತಿರಲಿಲ್ಲ. ಆದರೆ ನಮ್ಮವರು ಹಿಡಿದುದು ಅಕ್ಷರಗಳ ದಾರಿ. ಯೂರೋಪಿನವರು ಕಾಲಕ್ರಮದಲ್ಲಿ ಹಿಡಿದುದು ಚಿತ್ರದ ದಾರಿ.

ಅಲ್ಲಿಯ ಕ್ರೈಸ್ತ ಮಠಗಳಲ್ಲಿ ಒಂಬತ್ತನೆಯ ಶತಮಾನದ ಸುಮಾರಿಗೆ ಪ್ರಾರ್ಥನಾಗೀತೆಗಳ ಸಾಹಿತ್ಯದ ಮೇಲ್ಗಡೆ ಸಣ್ಣ ಸಣ್ಣ ಗೀಟುಗಳನ್ನು ಹಾಕುವ ರೂಢಿ ಬಂದಿತು. ದನಿಯು ಏರಬೇಕೋ ಇಳಿಯಬೇಕೋ ಎಂಬುದನ್ನು ಈ ಗೀಟುಗಳು ತಿಳಿಸುತ್ತಿದ್ದುವು. ಎಷ್ಟು ಏರಬೇಕು ಎಂಬುದನ್ನು ತಿಳಿಸುತ್ತಿರಲಿಲ್ಲ. ಹಾಡನ್ನು ಮೊದಲೇ ಬಲ್ಲವನಿಗೆ ಅವು ಜ್ಞಾಪಕದ ಗುರುತುಗಳು. ಬಾರದವನಿಗೆ ಅವುಗಳಿಂದ ಏನೂ ಪ್ರಯೋಜನವಿಲ್ಲ. ಸುಮಾರು ೧೦೨೫ರಲ್ಲಿ ಇಟಲಿಯ ಅರೆಜ್ಜೊ ನಗರದಲ್ಲಿದ್ದ ಗೀಡೋ ಎಂಬ ಸಂನ್ಯಾಸಿಯು ಈ ಕೊರತೆಯನ್ನು ತುಂಬಿಕೊಟ್ಟನು. ಗೀಟುಗಳ ಹಿಂದೆ ಅಡ್ಡಗೆರೆಗಳನ್ನೆಳೆದು ಒಂದೊಂದು ಗೆರೆಗೂ, ಎರಡು ಗೆರೆಗಳ ನಡುವಣ ಒಂದೊಂದು ತೆರಪಿಗೂ ಒಂದೊಂದು ಸ್ವರವನ್ನು ನಿಶ್ಚಯಿಸಿದನು. ಗುರುತು ಸಿಗಲೆಂದು ಒಂದು ಗೆರೆಗೆ ಕೆಂಪು ಬಣ್ಣ, ಇನ್ನೊಂದಕ್ಕೆ ಹಳದಿ ಬಣ್ಣ. ಹತ್ತು ವರ್ಷ ಶ್ರಮಪಟ್ಟರೂ ಪೂರ್ಣವಾಗಿ ಕೈಗೂಡದಿದ್ದ ಹಾಡುಗಾರಿಕೆಯು ಈ ವಿಧಾನದಿಂದ ಒಂದು, ಹೆಚ್ಚೆಂದರೆ ಎರಡು ವರ್ಷಗಳಲ್ಲಿ ಸಿದ್ಧಿಸುವುದೆಂದು ಆತನು ಹೇಳಿಕೊಂಡನು. ಸುದ್ದಿಯನ್ನು ಕೇಳಿದ ಪೋಪ್ ಹತ್ತೊಂಬತ್ತನೆಯ ಜಾನ್ ಆತನನ್ನು ರೋಮಿಗೆ ಕರೆಸಿಕೊಂಡು, ತಾನೆಂದೂ ಕೇಳಿರದ ಒಂದು ಪಂಕ್ತಿಯನ್ನು ಪುಸ್ತಕ ನೋಡಿಯೇ ಹಾಡುವವರೆಗೆ ಕುಳಿತಲ್ಲಿಂದ ಏಳಲಿಲ್ಲವೆಂದು ಗೀಡೋ ಬರೆದ ಪತ್ರದಿಂದ ತಿಳಿದುಬರುತ್ತದೆ.

ಈಗ ಓದುಗರು ಒಂದು ಹಾಳೆಯನ್ನೂ ಪೆನ್ಸಿಲನ್ನೂ ತೆಗೆದುಕೊಂಡು ಒಂದರ ಮೇಲೊಂದರಂತೆ ಸಮ ಅಂತರದಲ್ಲಿ ಐದು ಅಡ್ಡಗೆರೆಗಳನ್ನು ಎಳೆಯಬೇಕು. ಇದನ್ನು ಸ್ಟಾಫ್ ಎನ್ನುವರು. ಗೆರೆಗಳನ್ನು ಎಣಿಸುವುದು ಕೆಳಗಿನಿಂದ ಮೇಲಕ್ಕೆ. ಸ್ವರವನ್ನು ಸೂಚಿಸುವ ಗುಂಡು ಗುರುತಿಗೆ ನೋಟ್ ಎಂದು ಹೆಸರು. ನೋಟು ಗೆರೆಯ ಮೇಲೆ ಪೋಣಿಸಿದ ಮಣಿಯಂತೆ ಕೂರಬಹುದು, ಇಲ್ಲವೆ ಎರಡು ಗೆರೆಗಳ ನಡುವೆ ಕೂರಬಹುದು. ಮೇಲೆ ಹೋದಷ್ಟೂ ದನಿ ತಾರ, ಕೆಳಗಿಳಿದಷ್ಟೂ ಮಂದ್ರ. ಗೆರೆಯಿಂದ ತೆರಪಿಗೆ, ತೆರಪಿನಿಂದ ಗೆರೆಗೆ, ಹೀಗೆ ಹೆಜ್ಜೆ ಹೆಜ್ಜೆಯಾಗಿ ಏರಿದಂತೆ 'ಎ, ಬಿ, ಸಿ, ಡಿ, ಇ, ಎಫ್, ಜಿ' ಎಂಬ ಏಳು ಹೆಸರುಗಳು ಒಂದಾದ ಮೇಲೊಂದು ಬರುವುವು; 'ಜಿ' ಆದ ಮೇಲೆ ಮತ್ತೆ 'ಎ'.

ಆದರೆ ಯಾವ ಗೆರೆ ಯಾವ ಸ್ವರವೆಂದು ಗೊತ್ತಾಗುವುದು ಹೇಗೆ? ಅದಕ್ಕಾಗಿಯೇ ಸಾಲಿನ ಆದಿಯಲ್ಲಿ ಒಂದು ಸುರುಳಿಯಾಕಾರದ ಚಿಹ್ನೆಯಿರುವುದು. ಅದರ ಹೆಸರು ಕ್ಲೆಫ್. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ಬೀಗದ ಕೈ ಎಂದರ್ಥ. ಪಿಟೀಲು, ಕೊಳಲು ಮೊದಲಾದ ಎತ್ತರದ ದನಿಯ ವಾದ್ಯಗಳಿಗೆ ಬಳಸುವ ಟ್ರೆಬಲ್ ಕ್ಲೆಫ್ ವಾಸ್ತವವಾಗಿ ರೋಮನ್ ಲಿಪಿಯ 'ಜಿ' ಅಕ್ಷರವೇ. ಶತಮಾನಗಳ ಕಾಲ ನಕಲುಗಾರರ ಕೈಯಲ್ಲಿ ಸಿಕ್ಕಿ ಗುರುತು ಸಿಗದಂತಾಗಿದೆ. ಅದರ ಸುರುಳಿಯು ಕೆಳಗಿನಿಂದ ಎರಡನೆಯ ಗೆರೆಯನ್ನು ಸುತ್ತಿಕೊಂಡಿರುವುದು. ಆದುದರಿಂದ ಎರಡನೆಯ ಗೆರೆ 'ಜಿ'. ಇದೊಂದು ತಿಳಿದರೆ ಉಳಿದುದೆಲ್ಲ ಎಣಿಕೆಯ ಮಾತು: ಅದರ ಕೆಳಗಿನ ತೆರಪು 'ಎಫ್', ಮೊದಲನೆಯ ಗೆರೆ 'ಇ', ಅದಕ್ಕೂ ಕೆಳಗೆ ತೂಗುವ ನೋಟು 'ಡಿ'. ಇನ್ನೂ ಕೆಳಗೆ ಹೋಗಬೇಕಾದರೆ ಆ ಒಂದು ನೋಟಿಗಷ್ಟೇ ಸಾಕಾಗುವಂತಹ ಗಿಡ್ಡ ಗೆರೆಯೊಂದನ್ನು ಎಳೆದುಕೊಳ್ಳುವರು. ಹಾಗೆ ಬರೆದ ಮೊದಲ ಸ್ವರವೇ ಪಿಯಾನೋ ವಾದಕರು ನಡುವಣ 'ಸಿ' ಎಂದು ಕರೆಯುವ ಸ್ವರ. ಸೆಲ್ಲೊ ಮುಂತಾದ ತಗ್ಗು ದನಿಯ ವಾದ್ಯಗಳಿಗೆ ಬೇರೊಂದು ಕ್ಲೆಫ್ ಉಂಟು. ತತ್ತ್ವವು ಒಂದೇ ಆದುದರಿಂದ ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಭೌತಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಈಗ ಜಗತ್ತಿನಾದ್ಯಂತ ರೂಢಿಯಲ್ಲಿರುವ ಶ್ರುತಿಯ ಪ್ರಕಾರ, ಎರಡನೆಯ ತೆರಪಿನಲ್ಲಿ ಬರುವ 'ಎ' ಸ್ವರಕ್ಕೆ ಸೆಕೆಂಡಿಗೆ ೪೪೦ ಕಂಪನಗಳು. ಅದರಿಂದ ಒಂದು ಸ್ಥಾಯಿ ಮೇಲಿನ 'ಎ' ೮೮೦, ಒಂದು ಸ್ಥಾಯಿ ಕೆಳಗಿನದು ೨೨೦. ಕಂಪನಸಂಖ್ಯೆಯಲ್ಲಿ ಮೊದಲನೆಯ ಅಂತರ ೪೪೦, ಎರಡನೆಯ ಅಂತರ ಅದರ ಅರ್ಧ. ಆದರೆ ಕಾಗದದ ಮೇಲೆ ಎರಡು ಅಂತರಗಳೂ ಸಮ, ಏಳೇಳು ಹೆಜ್ಜೆ. ಸಂಖ್ಯೆಯು ಇಮ್ಮಡಿಸಿದಾಗಲೆಲ್ಲ ದೂರವು ಒಂದೇ ಅಳತೆಯಷ್ಟು ಹೆಚ್ಚುವುದು ಲಾಗರಿತಮ್ಮಿನ ಲಕ್ಷಣವಷ್ಟೆ. ನೇಪಿಯರನು ಲಾಗರಿತಮ್ ಕೋಷ್ಟಕಗಳನ್ನು ಪ್ರಕಟಿಸಿದುದು ೧೬೧೪ರಲ್ಲಿ. ಅದಕ್ಕೆ ಸುಮಾರು ಆರುನೂರು ವರ್ಷಗಳ ಹಿಂದೆಯೇ ಗಾಯಕರು ಲಾಗರಿತಮ್ಮಿನ ಅಳತೆಯಲ್ಲಿ ಗ್ರಾಫ್ ಬರೆಯುತ್ತಿದ್ದರು. ಗೀಡೋ ಗಣಿತವನ್ನು ಕಂಡುಹಿಡಿದನೆಂದು ಇದರ ಅರ್ಥವಲ್ಲ. ನಮ್ಮ ಕಿವಿಯೇ ಹಾಗೆ ಅಳೆಯುವುದು. ಆತನು ಕಿವಿಯ ಮಾತನ್ನು ಕೇಳಿದನು, ಅಷ್ಟೆ.

ಇನ್ನು ಕಲಿಯುವವರು ಎಡವುವ ಜಾಗಕ್ಕೆ ಬರೋಣ. ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳಿವೆಯೆಂದು ನಮ್ಮ ಸಂಗೀತದ ವಿದ್ಯಾರ್ಥಿಗಳೂ ಬಲ್ಲರು. ಆದರೆ ಸ್ಟಾಫಿನಲ್ಲಿ ಹೆಜ್ಜೆಗಳು ಏಳೇ. ಹಾರ್ಮೋನಿಯಮ್ಮನ್ನು ನೋಡಿದರೆ ಇದರ ಗುಟ್ಟು ತಿಳಿಯುವುದು. ಬಿಳಿಯ ಮನೆಗಳಿಗೆ ಮಾತ್ರ ಗೆರೆ ಮತ್ತು ತೆರಪುಗಳಲ್ಲಿ ಸ್ವಂತ ಸ್ಥಾನವುಂಟು. ಕರಿಯ ಮನೆಗಳಿಗೆ ಇಲ್ಲ. 'ಸಿ'ಯಿಂದ 'ಡಿ'ಗೆ ಎರಡು ಸ್ಥಾನಗಳ ದೂರ, ನಡುವೆ ಒಂದು ಕರಿಯ ಮನೆ. ಆದರೆ 'ಇ'ಯಿಂದ 'ಎಫ್'ಗೂ 'ಬಿ'ಯಿಂದ 'ಸಿ'ಗೂ ಒಂದೇ ಸ್ಥಾನದ ದೂರ, ನಡುವೆ ಕರಿಯ ಮನೆಯಿಲ್ಲ. ಕಾಗದದ ಮೇಲೆ ಮಾತ್ರ ಎಲ್ಲ ಹೆಜ್ಜೆಗಳೂ ಒಂದೇ ಅಳತೆಯವು! ಕರಿಯ ಮನೆಗಳನ್ನು ಬರೆಯಬೇಕಾದಾಗ ನೋಟಿನ ಎಡಕ್ಕೆ ಷಾರ್ಪ್ ಚಿಹ್ನೆಯಿಟ್ಟರೆ ಒಂದು ಸ್ಥಾನ ಮೇಲೆ, ಫ್ಲ್ಯಾಟ್ ಚಿಹ್ನೆಯಿಟ್ಟರೆ ಒಂದು ಸ್ಥಾನ ಕೆಳಗೆ. ಒಂದು ಕೃತಿಯುದ್ದಕ್ಕೂ ಬೇಕಾಗುವ ಚಿಹ್ನೆಗಳನ್ನು ಕ್ಲೆಫಿನ ಪಕ್ಕದಲ್ಲಿಯೇ ಒಟ್ಟಾಗಿ ಬರೆದುಬಿಡುವರು. ಇದು ನಾವು ರಾಗದ ಹೆಸರನ್ನು ಮೊದಲೇ ಬರೆದು, ಯಾವ ಗಾಂಧಾರ, ಯಾವ ನಿಷಾದ ಎಂದು ಪ್ರತಿಸಲವೂ ಹೇಳದೆ ಬಿಡುವಂತೆಯೇ.

ಈ ಏಳರ ಲೆಕ್ಕವು ಈ ಲಿಪಿಯ ನಿಜವಾದ ದೋಷವೆಂದೇ ಹೇಳಬೇಕು. ಇದನ್ನು ಸರಿಪಡಿಸಲು ಹೊರಟವರೂ ಕಡಿಮೆಯಲ್ಲ. ೧೯೩೧ರಲ್ಲಿ ಹಾಲೆಂಡಿನ ಕಾರ್ನೆಲಿಸ್ ಪಾಟ್ ಎಂಬಾತನು ಪಿಯಾನೋವಿನ ಕರಿ ಬಿಳಿ ಮನೆಗಳನ್ನೇ ಅನುಸರಿಸುವ ಹೊಸ ಲಿಪಿಯನ್ನು ರೂಪಿಸಿದನು. ಅದಕ್ಕೂ ಬಹಳ ಹಿಂದೆ, ೧೭೪೨ರಲ್ಲಿ, ತತ್ತ್ವಜ್ಞಾನಿ ರೂಸೋ ಗೆರೆಗಳನ್ನೆಲ್ಲ ತೆಗೆದುಹಾಕಿ ಅಂಕಿಗಳಲ್ಲಿ ಸಂಗೀತವನ್ನು ಬರೆಯುವ ಕ್ರಮವನ್ನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. ಆಗ ಸಂಗೀತಗಾರ ರಾಮೋ ಎತ್ತಿದ ಆಕ್ಷೇಪಣೆಯು ಬಹು ಮಾರ್ಮಿಕವಾದುದು. ಅಂಕಿಯನ್ನು ಓದಿ ಅರ್ಥಮಾಡಿಕೊಳ್ಳಲು ಬುದ್ಧಿ ಕೆಲಸ ಮಾಡಬೇಕು; ಕೈ ಓಡುವ ವೇಗಕ್ಕೆ ಬುದ್ಧಿ ಸಾಲದು. ಸ್ಟಾಫಿನಲ್ಲಿಯಾದರೋ ಏರಿಳಿತದ ಆಕಾರವು ನೋಡಿದೊಡನೆ ಕಣ್ಣಿಗೆ ಹೊಳೆಯುವುದು. ತನ್ನ ಲಿಪಿಗೆ ಬಂದ ಆಕ್ಷೇಪಣೆಗಳಲ್ಲಿ ಇದೊಂದಕ್ಕೆ ಉತ್ತರವಿಲ್ಲವೆಂದು ರೂಸೋ ತಾನೇ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ.

ಇಲ್ಲಿಯವರೆಗೆ ನೋಡಿದುದು ಮೇಲು ಕೆಳಗಿನ ಲೆಕ್ಕ. ಎಡದಿಂದ ಬಲಕ್ಕೆ ಕಾಲವು ಹರಿಯುವುದು. ಆದರೆ ಇಲ್ಲಿ ಗ್ರಾಫಿನ ಹೋಲಿಕೆಯನ್ನು ಸ್ವಲ್ಪ ಸಡಿಲಿಸಬೇಕಾಗುವುದು. ಕಾಲವನ್ನು ಅಂಗುಲದ ಕಡ್ಡಿಯಿಂದ ಅಳೆಯಲಾಗದು. ಸ್ವರವು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ನೋಟಿನ ಆಕಾರವೇ ಹೇಳುವುದು. ಹದಿಮೂರನೆಯ ಶತಮಾನದಲ್ಲಿ ಕೊಲೋನಿನ ಫ್ರಾಂಕೋ ಎಂಬುವನು ಖಚಿತವಾದ ರೂಪ ಕೊಟ್ಟ ಉಪಾಯವಿದು. ಒಳಗೆ ಟೊಳ್ಳಾದ, ಬಾಲವಿಲ್ಲದ ಮೊಟ್ಟೆಯಾಕಾರದ ನೋಟು ಸೆಮಿಬ್ರೀವ್. ಟೊಳ್ಳು ನೋಟಿಗೆ ಒಂದು ಕಡ್ಡಿ ಸೇರಿದರೆ ಅದು ಮಿನಿಮ್, ಕಾಲದಲ್ಲಿ ಸೆಮಿಬ್ರೀವಿನ ಅರ್ಧ. ಒಳಗನ್ನು ಕಪ್ಪು ಮಾಡಿದರೆ ಕ್ರೋಚೆಟ್, ಅದರ ಅರ್ಧ. ಕಡ್ಡಿಯ ತುದಿಗೆ ಒಂದು ಕೊಕ್ಕೆ ಹಾಕಿದರೆ ಕ್ವೇವರ್, ಮತ್ತೂ ಅರ್ಧ. ಕ್ರೋಚೆಟನ್ನು ನಮ್ಮ ಒಂದು ಅಕ್ಷರಕಾಲವೆಂದು ಭಾವಿಸಿಕೊಂಡರೆ ಮಿನಿಮ್ ಎರಡಕ್ಷರ, ಕ್ವೇವರ್ ಅರ್ಧಾಕ್ಷರ. ಮೌನಕ್ಕೂ ಹೀಗೆಯೇ ಅಳತೆಯುಂಟು. ಪ್ರತಿಯೊಂದು ನೋಟಿಗೂ ಸಮನಾದ ಒಂದು ವಿರಾಮಚಿಹ್ನೆಯಿದೆ. ನಾವು ತಾಳದ ಅಂಗಗಳನ್ನು ದಂಡದಿಂದ ಬೇರ್ಪಡಿಸುವಂತೆ ಅವರು ಲಂಬಗೆರೆಗಳಿಂದ ಕಾಲವನ್ನು ಬಾರುಗಳನ್ನಾಗಿ ವಿಭಾಗಿಸುವರು. ಆದಿಯಲ್ಲಿ ಎರಡರ ಕೆಳಗೆ ನಾಲ್ಕು ಬರೆದಿದ್ದರೆ ಅದು ಭಿನ್ನರಾಶಿಯಲ್ಲ. ಒಂದು ಬಾರಿಗೆ ಎರಡು ಕ್ರೋಚೆಟುಗಳಷ್ಟು ಕಾಲ ಎಂದರ್ಥ.

ಇಷ್ಟು ತಿಳಿದವರು ಜಗತ್ಪ್ರಸಿದ್ಧವಾದ ಒಂದು ಕೃತಿಯ ಮೊದಲ ಸಾಲನ್ನು ಈಗಲೇ ಓದಬಹುದು. ೧೮೦೮ರ ಡಿಸೆಂಬರ್ ೨೨ರಂದು ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಸಲ್ಪಟ್ಟ ಬೀಥೋವನನ ಐದನೆಯ ಸಿಂಫನಿಯ ಆರಂಭದಲ್ಲಿ ಪಿಟೀಲು ವಾದಕರ ಕಾಗದ ಹೀಗಿದೆ. ಟ್ರೆಬಲ್ ಕ್ಲೆಫ್; ಅದರ ಪಕ್ಕದಲ್ಲಿ 'ಬಿ', 'ಇ', 'ಎ'ಗಳಿಗೆ ಮೂರು ಫ್ಲ್ಯಾಟುಗಳು; ಎರಡರ ಕೆಳಗೆ ನಾಲ್ಕು. ಮೊದಲನೆಯ ಬಾರಿನಲ್ಲಿ ಒಂದು ಕ್ವೇವರಿನಷ್ಟು ಮೌನ, ಆಮೇಲೆ ಎರಡನೆಯ ಗೆರೆಯ ಮೇಲೆ ಮೂರು ಕ್ವೇವರುಗಳು. ಎರಡನೆಯ ಬಾರಿನಲ್ಲಿ ಮೊದಲನೆಯ ಗೆರೆಯ ಮೇಲೆ ಒಂದೇ ಒಂದು ಮಿನಿಮ್. ಮೂರನೆಯದರಲ್ಲಿ ಮತ್ತೆ ಮೌನ, ಮೊದಲನೆಯ ತೆರಪಿನಲ್ಲಿ ಮೂರು ಕ್ವೇವರುಗಳು. ಅನಂತರ ಮೊದಲ ಗೆರೆಯ ಕೆಳಗೆ ತೂಗುವ ದೀರ್ಘ ಸ್ವರ. 'ಸಿ'ಯನ್ನು ಷಡ್ಜವಾಗಿಟ್ಟುಕೊಂಡರೆ ನಮ್ಮ ಬಾಯಲ್ಲಿ ಇದು 'ಪ ಪ ಪ ಗಾ, ಮ ಮ ಮ ರೀ' ಎಂದಾಗುವುದು.

ಕಾಗದದ ಮೇಲೆ ಎರಡು ತುಂಡುಗಳ ಆಕಾರವೂ ಒಂದೇ. ಎರಡರಲ್ಲಿಯೂ ಇಳಿತವು ಎರಡೆರಡು ಹೆಜ್ಜೆ. ಆದರೆ ಕಿವಿಗೆ ಒಂದೇ ಅಲ್ಲ. ಪಂಚಮದಿಂದ ಗಾಂಧಾರಕ್ಕೆ, ಅಂದರೆ ಸುಮಾರು ೩೯೨ ಕಂಪನಗಳಿಂದ ೩೧೧ಕ್ಕೆ, ನಾಲ್ಕು ಸ್ಥಾನಗಳ ಇಳಿತ. ಮಧ್ಯಮದಿಂದ ರಿಷಭಕ್ಕೆ, ೩೪೯ರಿಂದ ೨೯೪ಕ್ಕೆ, ಮೂರೇ ಸ್ಥಾನ. ಹಿಂದೆ ಹೇಳಿದ ಏಳರ ಲೆಕ್ಕದ ಮರೆಮಾಚುವಿಕೆ ಇದೇ. ಆರಂಭದ ಆ ಮೌನವನ್ನೂ ಕಡೆಗಣಿಸಬಾರದು. ಬಾರಿನ ಮೊದಲ ಪೆಟ್ಟು ಬಲವಾದುದು. ಆ ಪೆಟ್ಟಿನ ಮೇಲೆ ಬೀಥೋವನನು ಸ್ವರವನ್ನೇ ಇಡಲಿಲ್ಲ! ಮೂರು ಗಿಡ್ಡ ಸ್ವರಗಳು ಓಡಿಬಂದು ನಾಲ್ಕನೆಯ ಸ್ವರದ ಮೇಲೆ ಎರಗುವಂತಾದುದು ಇದರಿಂದ. ತಾಳವು ಮೊದಲಾಗಿ ಅರ್ಧಾಕ್ಷರವಾದ ಮೇಲೆ ಹಾಡು ಹೊರಡುವುದನ್ನು ನಾವು ಅನಾಗತ ಎಡುಪು ಎನ್ನುವೆವಲ್ಲವೆ? ಇದೂ ಅದೇ.

ಈ ಸಿಂಫನಿಯನ್ನು ರಚಿಸಿದಾಗ ಬೀಥೋವನನ ಕಿವಿ ಮಂದವಾಗತೊಡಗಿ ಹಲವು ವರ್ಷಗಳಾಗಿದ್ದುವು. ೧೮೦೨ರಲ್ಲಿ ಹೈಲಿಗೆನ್‌ಷ್ಟಾಟ್ ಎಂಬ ಊರಿನಲ್ಲಿ ತನ್ನ ತಮ್ಮಂದಿರಿಗೆ ಬರೆದ ಪತ್ರದಲ್ಲಿ ಆತನು ಈ ದುಃಖವನ್ನು ತೋಡಿಕೊಂಡಿದ್ದನು. ೧೮೨೪ರ ಮೇ ೭ರಂದು ಒಂಬತ್ತನೆಯ ಸಿಂಫನಿಯು ಮೊದಲ ಬಾರಿಗೆ ನಡೆದಾಗ ಆತನಿಗೆ ಏನೂ ಕೇಳಿಸುತ್ತಿರಲಿಲ್ಲವೆನ್ನಬಹುದು. ಸಭೆಯ ಕರತಾಡನವನ್ನು ಕಾಣಲೆಂದು ಗಾಯಕಿಯೊಬ್ಬಳು ಆತನನ್ನು ಹಿಡಿದು ತಿರುಗಿಸಿದಳೆಂದು ಹೇಳುವರು. ಕಿವುಡನಾದವನು ಇಂತಹ ಕೃತಿಯನ್ನು ಹೇಗೆ ರಚಿಸಿದನೆಂದು ಜನರು ಬೆರಗಾಗುವುದು ಸಹಜ. ಬೀಜಗಣಿತದಲ್ಲಿ ಪಳಗಿದವನು ಸಮೀಕರಣವನ್ನು ನೋಡಿದೊಡನೆ ವಕ್ರರೇಖೆಯನ್ನು ಕಾಣುವಂತೆ, ಆತನು ಕಾಗದವನ್ನು ನೋಡಿ ನಾದವನ್ನು ಕೇಳುತ್ತಿದ್ದನು. ಆತನ ಪಾಲಿಗೆ ಸ್ವರಲಿಪಿಯು ಕೇಳಿದುದನ್ನು ಬರೆದಿಡುವ ಕಡತವಾಗಿರಲಿಲ್ಲ, ಆಲೋಚನೆಯ ಸಾಧನವೇ ಆಗಿದ್ದಿತು. ಲಿಪಿಯಿಲ್ಲದ ನಾಡಿನಲ್ಲಿ ಹುಟ್ಟಿದ್ದರೆ ಆತನ ರಚನೆಯು ಕಿವಿಯೊಡನೆಯೇ ಮುಗಿದುಹೋಗುವ ಸಂಭವವಿತ್ತು.

ಇಷ್ಟಾದರೂ ಕಾಗದವು ಎಲ್ಲವನ್ನೂ ಹೇಳುವುದಿಲ್ಲ. ಮೇಲಿನ ಸಾಲಿನ ಎರಡು ದೀರ್ಘ ಸ್ವರಗಳ ಮೇಲೂ ಅರ್ಧವರ್ತುಲದೊಳಗೆ ಚುಕ್ಕೆಯಿಟ್ಟ ಚಿಹ್ನೆಯೊಂದಿದೆ: ಸ್ವರವನ್ನು ಅದರ ಅಳತೆ ಮೀರಿ ಹಿಡಿದು ನಿಲ್ಲಿಸು ಎಂದು. ಎಷ್ಟು ಹೊತ್ತು? ಅದನ್ನು ವಾದ್ಯವೃಂದದ ನಾಯಕನೇ ತೀರ್ಮಾನಿಸಬೇಕು. ವೇಗದ ವಿಷಯದಲ್ಲಿಯೂ ಹೀಗೆಯೇ. ಮೆಲ್ಜೆಲ್ ಎಂಬುವನು ೧೮೧೫ರಲ್ಲಿ ಹಕ್ಕುಪತ್ರ ಪಡೆದ ಮೆಟ್ರೊನೋಮ್ ಯಂತ್ರವನ್ನು ಬೀಥೋವನನು ಮೆಚ್ಚಿಕೊಂಡು, ೧೮೧೭ರಲ್ಲಿ ತನ್ನ ಸಿಂಫನಿಗಳಿಗೆ ವೇಗದ ಅಂಕಿಗಳನ್ನು ಪ್ರಕಟಿಸಿದನು. ಐದನೆಯದರ ಮೊದಲ ಭಾಗಕ್ಕೆ ಕೊಟ್ಟುದು ನಿಮಿಷಕ್ಕೆ ೧೦೮ ಮಿನಿಮ್. ಅಂದರೆ ಒಂದೊಂದು ಕ್ವೇವರಿಗೆ ಸೆಕೆಂಡಿನ ಏಳರಲ್ಲಿ ಒಂದು ಭಾಗದಷ್ಟು ಕಾಲ. ಇದು ಅತಿವೇಗವಾಯಿತೆಂದು ಅನೇಕ ನಾಯಕರು ನಿಧಾನವಾಗಿ ನುಡಿಸಿರುವರು. ಯಂತ್ರವೇ ಕೆಟ್ಟಿದ್ದಿರಬೇಕೆಂದು ವಾದಿಸಿದವರೂ ಉಂಟು.

ನಮ್ಮ ಸಂಗೀತವನ್ನು ಈ ಐದು ಗೆರೆಗಳ ಮೇಲೆ ಬರೆಯಬಹುದೆ ಎಂಬ ಪ್ರಶ್ನೆ ಓದುಗರಲ್ಲಿ ಈಗಾಗಲೇ ಎದ್ದಿರಬೇಕು. ಎರಡು ಸಂಗೀತಗಳ ಭೇಟಿ ಇಂದಿನದಲ್ಲ. ಮುತ್ತುಸ್ವಾಮಿ ದೀಕ್ಷಿತರು ಆಂಗ್ಲ ಬ್ಯಾಂಡುಗಳ ಮಟ್ಟುಗಳನ್ನು ಕೇಳಿ ಅವುಗಳಿಗೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದರು. ಆ ರಚನೆಗಳಿಗೆ ಬಂದ ನೋಟ್ಟುಸ್ವರವೆಂಬ ಹೆಸರಿನಲ್ಲಿಯೇ ನೋಟ್ ಎಂಬ ಪದವು ಅಡಗಿದೆ. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎಂಬ ಎರಡು ತಂಡಗಳಿದ್ದುವು. ಜಯಚಾಮರಾಜೇಂದ್ರ ಒಡೆಯರು ಪಿಯಾನೋವಿನಲ್ಲಿ ಪರಿಶ್ರಮವುಳ್ಳವರಾಗಿದ್ದು, ೧೯೪೮ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು; ಅವರೇ ಕರ್ನಾಟಕ ಪದ್ಧತಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು.

ನಮ್ಮ 'ಸರಿಗಮ' ಲಿಪಿಗೆ ಸ್ಟಾಫಿಗಿಲ್ಲದ ಒಂದು ಅನುಕೂಲವುಂಟು. ನಮ್ಮ ಷಡ್ಜಕ್ಕೆ ಗೊತ್ತಾದ ಕಂಪನಸಂಖ್ಯೆಯಿಲ್ಲ. ಹೆಂಗಸರ ಶ್ರುತಿಗೂ ಗಂಡಸರ ಶ್ರುತಿಗೂ ಒಂದೇ ಪುಸ್ತಕ ಸಾಕು. ಸ್ಟಾಫಿನಲ್ಲಿಯಾದರೆ ಶ್ರುತಿ ಬದಲಾದರೆ ಪುಟವನ್ನೆಲ್ಲ ಹೊಸದಾಗಿ ಬರೆಯಬೇಕಾಗುವುದು. ಆದರೆ ತೊಡಕಿರುವುದು ಅಲ್ಲಲ್ಲ, ಗಮಕದಲ್ಲಿ. ಬೀಥೋವನನ ಎರಡನೆಯ ಬಾರಿನ ಸ್ವರವನ್ನೇ ತೆಗೆದುಕೊಳ್ಳೋಣ. ಅದು ನಮ್ಮ ಸಾಧಾರಣ ಗಾಂಧಾರ. ತೋಡಿ ರಾಗದಲ್ಲಿ ಬರುವುದೂ ಅದೇ. ಪಿಟೀಲು ವಾದಕನು ಅದನ್ನು ಕಾಗದದಲ್ಲಿರುವ ಸ್ಥಾನದಲ್ಲಿಯೇ ನೆಲೆಯಾಗಿ ನಿಲ್ಲಿಸುವನು. ತೋಡಿಯನ್ನು ಹಾಡುವವರು ಅಲ್ಲಿ ನಿಲ್ಲುವುದೇ ಇಲ್ಲ. ದನಿಯು ರಿಷಭದ ಕಡೆಗೂ ಮಧ್ಯಮದ ಕಡೆಗೂ ತೂಗಾಡುತ್ತ ಆ ತೂಗಾಟದಿಂದಲೇ ಗಾಂಧಾರವೆನಿಸುವುದು. ಸ್ಟಾಫಿನ ಮೇಲೆ ಎರಡಕ್ಕೂ ಮೊದಲ ಗೆರೆಯ ಅದೇ ಚುಕ್ಕೆ, ಅದೇ ಫ್ಲ್ಯಾಟ್.

ಮದರಾಸಿನ ಎ. ಎಂ. ಚಿನ್ನಸ್ವಾಮಿ ಮೊದಲಿಯಾರರು ದಾಕ್ಷಿಣಾತ್ಯ ಕೃತಿಗಳನ್ನು ಸ್ಟಾಫಿನಲ್ಲಿ ಬರೆದು ೧೮೯೩ರಲ್ಲಿ ಅಚ್ಚುಹಾಕಿಸಿದರು. ಅವರ ಪ್ರೋತ್ಸಾಹದಿಂದ ಎಟ್ಟಯಪುರದ ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ತೆಲುಗಿನಲ್ಲಿ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಬೇರೊಂದು ದಾರಿಯನ್ನು ತುಳಿಯಿತು. ಅದರಲ್ಲಿ ಸ್ವರಾಕ್ಷರಗಳು ನಮ್ಮವೇ. ಒಂದೊಂದು ಗಮಕಕ್ಕೂ ಒಂದೊಂದು ಚಿಹ್ನೆ. ಕಂಪಿತವೆಂಬ ಗಮಕವಿರುವಲ್ಲಿ ಅಕ್ಷರದ ಮೇಲೆ ಅಲೆಯಂತಹ ಗೆರೆಯೊಂದನ್ನು ಕಾಣಬಹುದು. ಇಲ್ಲಿ ದನಿ ಅಲುಗಬೇಕೆಂದು ಆ ಗೆರೆ ಹೇಳುವುದು. ಎಷ್ಟು ಅಗಲ, ಎಷ್ಟು ಸಲ, ಎಷ್ಟು ವೇಗ ಎಂಬುದನ್ನು ಹೇಳದು. ಗೀಡೋವಿಗೆ ಹಿಂದಿನ ಮಠದ ಗೀಟುಗಳ ಸ್ಥಿತಿಯೂ ಹೆಚ್ಚುಕಡಮೆ ಇದೇ ಆಗಿದ್ದಿತು. ಧ್ವನಿಯ ಕಂಪನಸಂಖ್ಯೆಯನ್ನು ಕ್ಷಣಕ್ಷಣಕ್ಕೂ ಅಳೆದು ವಕ್ರರೇಖೆಯಾಗಿ ಬರೆಯಬಲ್ಲ ಕಂಪ್ಯೂಟರುಗಳು ಈಗ ಕಾಲೇಜು ವಿದ್ಯಾರ್ಥ���ಗಳ ಕೈಗೂ ಎಟುಕುವಂತಿವೆ. ತೋಡಿಯ ಗಾಂಧಾರವನ್ನು ಅವುಗಳಲ್ಲಿ ನೋಡಿದರೆ ಪರದೆಯ ಮೇಲೆ ಮೂಡುವುದು ಚುಕ್ಕೆಯಲ್ಲ, ಅಲೆ. ಆದರೆ ಅದನ್ನು ನೋಡಿಕೊಂಡು ಹಾಡಬಲ್ಲವರು ಇನ್ನೂ ಬರಬೇಕಾಗಿದೆ.